ತಾಯಿ ಕಾರ್ಡ್ ಬರೆಯುವುದಕ್ಕಿಂತ ಮೊದಲು

ರೋಣ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ಹನ್ನೊಂದು ವರ್ಷಗಳಿಂದ ಆರೋಗ್ಯ ಸಹಾಯಕಿಯಾಗಿರುವ ನಾನು, ಮದುವೆಯಾದ ವಾರದಿಂದಲೇ ಫೋಲಿಕ್ ಆಮ್ಲದ ಗುಳಿಗೆ ಕೊಡುತ್ತೇನೆಂದಾಗ, ಬಸುರಿಯಾಗದವರ ಹಿಂದೆ ಓಡಾಡಲು ಪುರುಸೊತ್ತೆಲ್ಲಿದೆ ಎಂದು ಸಹೋದ್ಯೋಗಿಗಳೇ ಕೇಳಿದ್ದರು. ಆದರೆ ಮಗುವಿನ ಮೆದುಳು, ಬೆನ್ನುಹುರಿಗಳಾಗುವ ನಾಳ ಗರ್ಭ ಕಟ್ಟಿದ 28 ದಿನಗಳೊಳಗೆ ಮುಚ್ಚಿಕೊಳ್ಳಬೇಕು, ಅದಕ್ಕೆ ನೆರವಾಗುವುದು ಫೋಲಿಕ್ ಆಮ್ಲವೇ. ನಮ್ಮಲ್ಲಿ ಬಸುರಿಯ ಹೆಸರು ನೋಂದಾಯಿಸುವ ತಾಯಿ ಕಾರ್ಡ್ ಬರೆಸಲು ಬರುವವರು ಎರಡು ತಿಂಗಳು ದಾಟಿಸಿಯೇ ಬರುತ್ತಾರೆ.

ಮೊದಲ ವರ್ಷ ಪೂರ್ತಿ ಸೋತೆ. ನಲವತ್ತರಷ್ಟು ಸೊಸೆಯಂದಿರಿಗೆ ನಿತ್ಯದ ಫೋಲಿಕ್ ಆಮ್ಲವನ್ನೂ ವಾರಕ್ಕೊಂದು ಕಬ್ಬಿಣಾಂಶದ ಗುಳಿಗೆಯನ್ನೂ ಕೊಟ್ಟಿದ್ದೆ. ಅರ್ಧಕ್ಕಿಂತ ಹೆಚ್ಚು ಗುಳಿಗೆ ಪಟ್ಟಿಗಳು ಟ್ರಂಕಿನಲ್ಲಿಯೇ ಉಳಿದಿದ್ದವು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಚಹದ ಜೊತೆ ನುಂಗಿದವರಿಗೆ ವಾಕರಿಕೆ ಬಂದಿತ್ತು. ಒಬ್ಬ ಅತ್ತೆಯಂತೂ "ಇದನ್ನ ನುಂಗಿದ್ರ ಕೂಸು ಕರ್ರಗ ಹುಟ್ಟತೈತ್ರಿ ಸಿಸ್ಟರ್" ಎಂದು ಪಟ್ಟಿಯನ್ನು ನನ್ನ ಕೈಗೇ ಹಿಂದಿರುಗಿಸಿದರು. ರಾತ್ರಿ ರೊಟ್ಟಿ ಉಂಡು ಒಂದು ತಾಸಿನ ನಂತರ ಲಿಂಬೆಹಣ್ಣಿನ ನೀರಿನೊಡನೆ ನುಂಗಲು ಹೇಳಿದ ಮೇಲೆ ವಾಕರಿಕೆಯ ದೂರು ಬಹುತೇಕ ನಿಂತಿತು. ಅತ್ತೆಯಂದಿರನ್ನು ಒಪ್ಪಿಸಲು ಮೊದಲು ಆಡುವ ಮಾತೊಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಜೊತೆಗೆ ಬಂದವರಿಗೆ ಹೇಳಿಕೊಡುತ್ತೇನೆ.

ಎರಡನೆಯ ವರ್ಷ ಕೆಡಿಸಿದ್ದು ಆಷಾಢ. ಹೊಸ ಸೊಸೆ ತವರಿಗೆ ಹೋದರೆ ನಾಗರಪಂಚಮಿ ಮುಗಿಸಿಯೇ ಮರಳುವುದು, ಗುಳಿಗೆ ಮಾತ್ರ ಗಂಡನ ಮನೆಯಲ್ಲಿ. ಈಗ ಎರಡು ಪಟ್ಟಿ ಕೊಡುತ್ತೇನೆ, ತವರೂರಿನ ಆಶಾ ಕಾರ್ಯಕರ್ತೆಗೆ ನಾನೇ ಫೋನ್ ಮಾಡುತ್ತೇನೆ. ಸೊಸೆಯರ ಮೈಗೆ ಬಲ ಬರಲೆಂದು ಪಂಚಮಿಯ ಶೇಂಗಾ, ಎಳ್ಳಿನ ಉಂಡಿಯನ್ನೇ ವರ್ಷವಿಡೀ ಮಾಡಿಸಿ ನೋಡಿದೆ. ಅದು ಮನೆಮಂದಿಗೆಲ್ಲ ಹಂಚಿಹೋಗುತ್ತಿತ್ತು, ಬಿಟ್ಟೆ.

ಖರ್ಚಿನ ಮಾತೆಂದರೆ, ಗುಳಿಗೆ ಸರಕಾರದ್ದು. ರಕ್ತದಲ್ಲಿನ ಹಿಮೋಗ್ಲೋಬಿನ್ ನೋಡುವ ಸ್ಟ್ರಿಪ್‌ಗಳು ತಿಂಗಳುಗಟ್ಟಲೆ ಬಾರದಿದ್ದಾಗ ಸುಮಾರು ಆರು ಸಾವಿರ ರೂಪಾಯಿ ನನ್ನ ಸಂಬಳದಿಂದಲೇ ಹೋಯಿತು. ಬಸುರಿನಲ್ಲಿ ಕನಿಷ್ಠ 11 ಗ್ರಾಂ ಇರಬೇಕಾದ ಹಿಮೋಗ್ಲೋಬಿನ್ ಮದುವೆಯ ಹೊತ್ತಿಗೇ ಎಂಟು, ಒಂಬತ್ತು ಇರುವುದನ್ನು ಕಣ್ಣಾರೆ ಕಂಡ ಮೇಲೆ ಆ ಹಣದ ಬಗ್ಗೆ ಬೇಸರವೆನಿಸಲಿಲ್ಲ.

ಆರಂಭದಲ್ಲಿ ಅರವತ್ತು ಹೆರಿಗೆಗಳಲ್ಲಿ ಹದಿನಾಲ್ಕೋ ಹದಿನೈದೋ ಕೂಸುಗಳು ಎರಡೂವರೆ ಕಿಲೋಗಿಂತ ಕಡಿಮೆ ತೂಗುತ್ತಿದ್ದವು. ಹೋದ ವರ್ಷ ಏಳೆಂಟು. ಗುಳಿಗೆಯೊಂದೇ ಇದಕ್ಕೆ ಕಾರಣವಲ್ಲ, 2017ರಿಂದ ಅಂಗನವಾಡಿಯಲ್ಲಿ ಸಿಗುತ್ತಿರುವ ಮಾತೃಪೂರ್ಣ ಯೋಜನೆಯ ಊಟವೂ ನೆರವಾಗಿದೆ. ಆದರೆ ಮೊದಲೇ ಮನೆ ಹೊಕ್ಕು ಬಳಕೆ ಬೆಳೆಸಿದ್ದರಿಂದ ನಮ್ಮ ಬಸುರಿಯರು ಆ ಊಟಕ್ಕೂ ತಪ್ಪದೆ ಬರುತ್ತಾರೆ ಎಂದು ಹೆಮ್ಮೆಯಿಂದಲೇ ಹೇಳುತ್ತೇನೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದವರ ತೂಕದ ದಾಖಲೆಗಳನ್ನು ಹಿಡಿದು ನಡೆಸಿದ ಅಧ್ಯಯನದಲ್ಲಿ, ಹುಟ್ಟುವಾಗ ಸಣ್ಣಗಿದ್ದವರಿಗೆ ನಡುವಯಸ್ಸಿನ ನಂತರ ಹೃದಯಬೇನೆ ಹೆಚ್ಚು ಕಂಡಿತ್ತು. ಹೆರಿಗೆ ಸಲೀಸಾಗಲೆಂದು ಬಸುರಿಗೆ ಊಟ ಕಡಿಮೆ ಮಾಡಿಸುವ ಹಿರಿಯರ ಮುಂದೆ ನಾನು ಇದನ್ನೇ ಹೇಳುತ್ತೇನೆ.

ತುಳಸಿ ಲಗ್ನದ ನಂತರದ ಮದುವೆಗಳಿಗೆ ಈಗಾಗಲೇ ಹದಿನೆಂಟು ಹೆಸರುಗಳನ್ನು ಬರೆದಿಟ್ಟುಕೊಂಡಿದ್ದೇನೆ, ಪ್ರತಿ ಹೆಸರಿನ ಮುಂದೆ ತವರೂರಿನ ಹೆಸರೂ ಇದೆ.