ಅಮ್ಮನ ಮೊಣಕಾಲು ನೋಡಿ ಹಾಕಿದ ಬೊಂಬಾಯಿ ಪ್ಲಾನು

ನಮ್ಮ ಮನೆಯಲ್ಲಿ ಬೊಂಬಾಯಿಗೆ ಹೋಗುವ ಮಾತು ಏಳು ವರ್ಷದಿಂದ ಇತ್ತು. ದಸರಾ ರಜೆ ಹತ್ತಿರ ಬಂದಾಗ ಏಳುತ್ತಿತ್ತು, ದೀಪಾವಳಿ ಹೊತ್ತಿಗೆ ಮಲಗುತ್ತಿತ್ತು. 2025ರ ಜುಲೈಯಲ್ಲಿ ಅಮ್ಮ ಬ್ರಹ್ಮಾವರದಿಂದ ಉಡುಪಿಗೆ ಬಂದವರು ಜಗಲಿಯಲ್ಲಿ ಕಾಲು ನೀಡಿ ಕೂತು ಹೇಳಿದರು, "ನನ್ನ ಮೊಣಕಾಲು ಇನ್ನೊಂದು ವರ್ಷ ಕಾಯುದಿಲ್ಲ ಮಗಾ. ಹೋಗುದಾದ್ರೆ ಈ ಸಲವೇ."

ಆ ರಾತ್ರಿಯೇ ಇವರು, ಅಂದರೆ ನನ್ನ ಗಂಡ, ಮತ್ತು ಮಗಳು ಸೇರಿ ಒಂದು ಪಟ್ಟಿ ಮಾಡಿದರು. ನಾಲ್ಕು ದಿನಕ್ಕೆ ಹದಿನೇಳು ಜಾಗ. ನಾನು ಅದನ್ನು ಓದಿ ಫ್ರಿಜ್ ಮೇಲೆ ಇಟ್ಟೆ. ಮರುದಿನ ತಿಂಡಿಯ ಹೊತ್ತಿಗೆ ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದೆ: ಒಂದೇ ಒಂದು ಜಾಗ ನೋಡಿ ವಾಪಸ್ ಬರುವುದಾದರೆ ಯಾವುದು? ಎಂಟು ವರ್ಷದ ಮಗ ಯೋಚನೆಯೇ ಮಾಡದೆ ಪೆಂಗ್ವಿನ್ ಅಂದ. ಹನ್ನೆರಡರ ಮಗಳಿಗೆ ಡಬಲ್ ಡೆಕರ್ ಬಸ್ಸಿನ ಮೇಲಿನ ಮುಂದಿನ ಸೀಟು. ಇವರಿಗೆ ಎಲಿಫೆಂಟಾ ಗುಹೆ. ಅಮ್ಮನಿಗೆ ಮಾಟುಂಗಾ. ನನಗೆ? ಒಂದು ಮಧ್ಯಾಹ್ನ ಯಾರೂ ಎಬ್ಬಿಸದೆ ನಿದ್ದೆ. ನಮ್ಮ ಪ್ಲಾನು ಆದದ್ದು ಇಷ್ಟರಿಂದಲೇ. ಪಟ್ಟಿಯ ಉಳಿದ ಜಾಗಗಳೆಲ್ಲ "ದಾರಿಯಲ್ಲಿ ಸಿಕ್ಕಿದರೆ" ಎಂಬ ಲೆಕ್ಕಕ್ಕೆ ಹೋದವು.

ದಿನ ಗೊತ್ತು ಮಾಡುವುದು ಕಷ್ಟ ಆಗಲಿಲ್ಲ. ಶಾಲೆಗೆ ಸೆಪ್ಟೆಂಬರ್ 20ರಿಂದ ಅಕ್ಟೋಬರ್ 7ರ ತನಕ ರಜೆ. ನವರಾತ್ರಿಯಲ್ಲಿ ಮನೆ ಬೀಗ ಹಾಕಲು ಅಮ್ಮ ಒಪ್ಪುವುದಿಲ್ಲ. ಆಯುಧ ಪೂಜೆ ಮುಗಿಯಲೇಬೇಕು. ಹಾಗಾಗಿ ಅಕ್ಟೋಬರ್ 2, ವಿಜಯದಶಮಿಯ ದಿನ ಹೊರಡುವುದು, 7ಕ್ಕೆ ಅಲ್ಲಿಂದ ರೈಲು ಹತ್ತುವುದು. ವಿಜಯದಶಮಿಗೆ ಬೇರೆ ಮುಹೂರ್ತ ನೋಡಬೇಕಾಗಿಯೂ ಇಲ್ಲ.

ಟಿಕೇಟಿನ ಕತೆ ಸ್ವಲ್ಪ ವಿವರವಾಗಿ ಹೇಳಬೇಕು. ಮೊದಲೆಲ್ಲ ರೈಲಿಗೆ 120 ದಿನ ಮುಂಚೆ ಬುಕ್ ಮಾಡಬಹುದಿತ್ತು. 2024ರ ನವೆಂಬರ್ 1ರಿಂದ ಅದು 60 ದಿನ. ಪ್ರಯಾಣದ ದಿನ ಲೆಕ್ಕಕ್ಕಿಲ್ಲ. ಅಂದರೆ ನಮ್ಮ ಕಡೆಯಿಂದ ಮುಂಬೈಗೆ ಹೋಗುವ ಮತ್ಸ್ಯಗಂಧ ರೈಲಿಗೆ ಅಕ್ಟೋಬರ್ 2ರ ಬುಕಿಂಗ್ ತೆರೆಯುವುದು ಆಗಸ್ಟ್ 3ಕ್ಕೆ, ಬೆಳಿಗ್ಗೆ 8 ಗಂಟೆಗೆ. ನಾನು ಐದು ಜನರ ಹೆಸರು, ವಯಸ್ಸು ಎಲ್ಲ ಹಿಂದಿನ ರಾತ್ರಿಯೇ ರೈಲ್ವೆಯ ಟಿಕೇಟು ಸೈಟು ಐಆರ್‌ಸಿಟಿಸಿಯ ಪಟ್ಟಿಯಲ್ಲಿ ತುಂಬಿಸಿ ಇಟ್ಟಿದ್ದೆ. ಆ ಹೊತ್ತಲ್ಲಿ ಹೆಸರು ಟೈಪ್ ಮಾಡುತ್ತಾ ಕೂತರೆ ಸೀಟು ಹೋಯಿತು ಎಂದೇ ಅರ್ಥ.

ಅಮ್ಮನಿಗೆ ಕೆಳಗಿನ ಬರ್ತ್ ಬೇಕೇ ಬೇಕು. 45 ದಾಟಿದ ಹೆಂಗಸರಿಗೆ, 60 ದಾಟಿದ ಗಂಡಸರಿಗೆ ಬೇರೆ ಕೋಟಾ ಉಂಟು. ಆದರೆ ಅದು ಒಬ್ಬರೇ ಹೋಗುವಾಗ, ಅಥವಾ ಆ ವಯಸ್ಸಿನ ಇಬ್ಬರು ಒಟ್ಟಿಗೆ ಹೋಗುವಾಗ ಮಾತ್ರ. ಐದು ಜನರ ಒಂದೇ ಟಿಕೇಟಿಗೆ ಅದು ಸಿಗುವುದಿಲ್ಲ. ಅಮ್ಮನದ್ದು ಬೇರೆ ಟಿಕೇಟು ಮಾಡಿದರೆ ಅವರೊಬ್ಬರೇ ಬೇರೆ ಬೋಗಿಯಲ್ಲಿ. ಅದಾಗುವುದಿಲ್ಲ. ಕೆಳಗೆ ಸಣ್ಣಕ್ಷರದಲ್ಲಿ ಇನ್ನೊಂದು ಆಯ್ಕೆ ಇದೆ: ಕಡಿಮೆಯೆಂದರೆ ಒಂದು ಕೆಳಗಿನ ಬರ್ತ್ ಸಿಕ್ಕಿದರೆ ಮಾತ್ರ ಟಿಕೇಟು ಮಾಡು ಎಂದು. ನಾನು ಅದಕ್ಕೆ ಟಿಕ್ ಹಾಕಿದೆ. ಎಂಟು ಹೊಡೆದು ನಾಲ್ಕು ನಿಮಿಷಕ್ಕೆ ಥರ್ಡ್ ಎಸಿಯಲ್ಲಿ ಐದು ಸೀಟು, ಅದರಲ್ಲಿ ಎರಡು ಕೆಳಗಿನದ್ದು.

ವಾಪಸ್ ಟಿಕೇಟು ತೆರೆಯುವುದು ಆಗಸ್ಟ್ 8ಕ್ಕೆ. ಆ ದಿನ ವರಮಹಾಲಕ್ಷ್ಮಿ ವ್ರತ! ಎಂಟು ಗಂಟೆಗೆ ನಾನು ಕಲಶಕ್ಕೆ ಸೀರೆ ಉಡಿಸುತ್ತಿದ್ದೆ, ಕೈತುಂಬ ಅರಸಿನ ಕುಂಕುಮ. ಇವರ ಕೈಗೆ ಫೋನ್ ಕೊಟ್ಟೆ. ಐದು ನಿಮಿಷ ಕಳೆದು "ಆಯಿತು ಮಾರಾಯ್ತಿ" ಎಂಬ ಸ್ವರ ಬಂತು. ಖುಷಿಯಲ್ಲಿ ಬಂದು ನೋಡಿದರೆ ಮಿಡ್ಲ್, ಅಪ್ಪರ್, ಅಪ್ಪರ್, ಸೈಡ್ ಅಪ್ಪರ್, ಮಿಡ್ಲ್. ಟಿಕ್ ಹಾಕಲು ಮರೆತಿದ್ದರು. ಪೂಜೆಯ ದಿನ ಬಾಯಿ ಕಟ್ಟಿಕೊಂಡೆ.

ಇನ್ನೊಂದು, ನಮ್ಮ ಕಡೆಯವರೇ ಮರೆಯುವ ವಿಷಯ. ಕೊಂಕಣ ರೈಲ್ವೆಗೆ ಮಳೆಗಾಲದ ವೇಳಾಪಟ್ಟಿ ಬೇರೆ. ಗುಡ್ಡ ಕಡಿದು ಹಾಕಿದ ಹಳಿ, ಮಣ್ಣು ಜಾರುವ ಹೆದರಿಕೆ. ಅದಕ್ಕೆ ಆ ತಿಂಗಳುಗಳಲ್ಲಿ ರೈಲುಗಳ ವೇಗ ಕಡಿಮೆ ಮಾಡುತ್ತಾರೆ. 2025ರಲ್ಲಿ ಅದು ಜೂನ್ 15ರಿಂದ ಅಕ್ಟೋಬರ್ 20ರ ತನಕ ಇತ್ತು. ಆ ಪಟ್ಟಿಯಲ್ಲಿ ಮುಂಬೈ ಕಡೆಗೆ ಹೋಗುವ ಮತ್ಸ್ಯಗಂಧ ಮಾಮೂಲಿಗಿಂತ ಒಂದು ಗಂಟೆಗೂ ಮಿಕ್ಕಿ ಮೊದಲೇ ಹೊರಡುತ್ತದೆ. ದಸರಾಕ್ಕೆ ಆಕಾಶದಲ್ಲಿ ಮಳೆ ಇಲ್ಲದಿದ್ದರೂ ರೈಲ್ವೆಗೆ ಇನ್ನೂ ಮಳೆಗಾಲವೇ. ಇವರು ಮೇ ತಿಂಗಳಲ್ಲಿ ಯಾರನ್ನೋ ಬಿಡಲು ಉಡುಪಿಯ ಇಂದ್ರಾಳಿ ಸ್ಟೇಷನ್ನಿಗೆ ಹೋದ ಸಮಯವನ್ನೇ ತಲೆಯಲ್ಲಿಟ್ಟು ರಿಕ್ಷಾದವರಿಗೆ ಹೇಳಿದ್ದರು. ಹಿಂದಿನ ರಾತ್ರಿ ನಾನು ಸುಮ್ನೆ ಟಿಕೇಟಿನ ಮೆಸೇಜ್ ತೆಗೆದು ನೋಡಿದ್ದು ನಮ್ಮ ಪುಣ್ಯ.

ಎಲ್ಲಿ ಉಳಿಯುವುದು ಎಂಬುದು ಟಿಕೇಟಿಗಿಂತ ದೊಡ್ಡ ತಲೆನೋವು. ಚಿಕ್ಕಮ್ಮ ಮುಂಬೈ ಹೊರಗಿನ ಡೊಂಬಿವಲಿಯಲ್ಲಿದ್ದಾರೆ. ಫೋನಿನಲ್ಲಿ ವಿಷಯ ಹೇಳಿದೆ.

"ಲಾಡ್ಜಾ? ನಾನು ಇಲ್ಲಿ ಬದುಕಿರುವಾಗ ಲಾಡ್ಜಾ? ಅಕ್ಕನಿಗೆ ಫೋನ್ ಕೊಡು."

ಅಮ್ಮ ಫೋನ್ ತಗೊಂಡು ಅರ್ಧ ಗಂಟೆ ಮಾತಾಡಿದರು. ಡೊಂಬಿವಲಿಯಿಂದ ಬೆಳಿಗ್ಗೆ ಲೋಕಲ್ ಹತ್ತುವುದು ಎಂದರೆ ಎಂತ ಎಂದು ಚಿಕ್ಕಮ್ಮನಿಗೇ ಚೆನ್ನಾಗಿ ಗೊತ್ತು. ನಮ್ಮ ಕಡೆ ಮೊಸರು ಕುಡಿಕೆಗೆ ಜನ ಸೇರಿದ ಹಾಗೆ ಬಾಗಿಲಲ್ಲಿ ಜನ. ಅದರೊಳಗೆ ಎಪ್ಪತ್ತೆರಡರ ಅಮ್ಮನನ್ನು ನುಗ್ಗಿಸಲು ನನ್ನಿಂದಾಗದು. ಕೊನೆಗೆ ರಾಜಿ ಆಯಿತು: ಮೂರು ರಾತ್ರಿ ಮಾಟುಂಗಾದ ಲಾಡ್ಜ್, ಕೊನೆಯ ರಾತ್ರಿ ಚಿಕ್ಕಮ್ಮನ ಮನೆ. ಜೊತೆಗೆ ದಂಡವಾಗಿ ಒಂದು ಅಟ್ಟಿ, ಅಂದರೆ ನಾಲ್ಕು ಚೆಂಡು, ಶಂಕರಪುರ ಮಲ್ಲಿಗೆ, ಐದು ಕಿಲೋ ಕುಚ್ಚಲಕ್ಕಿ, ಹಲಸಿನ ಹಪ್ಪಳ. ದಸರಾ ಹೊತ್ತಲ್ಲಿ ಮಲ್ಲಿಗೆಯ ರೇಟು ಕೇಳಿದರೆ ತಲೆ ತಿರುಗುತ್ತದೆ. ಹಾಗಾಗಿ ಎರಡೇ ಚೆಂಡು ತಗೊಂಡೆ. ನಾಲ್ಕು ದಿನ ಕಳೆದು ಚಿಕ್ಕಮ್ಮನ ಕೈಗೆ ಕೊಡುವಾಗ ಅದು ಹೂವಿಗಿಂತ ನಾರೇ ಜಾಸ್ತಿ ಆಗಿತ್ತು.

ಲಾಡ್ಜಿಗೆ ಫೋನ್ ಮಾಡಿ "ಲಿಫ್ಟ್ ಇದೆಯಾ?" ಎಂದು ಕೇಳಿದ್ದೆ. "ಇದೆ" ಅಂದರು. ಹೋಗಿ ನೋಡಿದರೆ ಲಿಫ್ಟ್ ಇತ್ತು, ಬಾಗಿಲಿಗೆ ಹಗ್ಗ ಕಟ್ಟಿತ್ತು, ನಮ್ಮ ಕೋಣೆ ಮೂರನೇ ಮಹಡಿಯಲ್ಲಿತ್ತು. ಅಮ್ಮ ಕೌಂಟರಿನ ಎದುರಿನ ಬೆಂಚಿನಲ್ಲಿ ಕೂತು, "ಕೆಳಗೆ ಕೋಣೆ ಕೊಡುವವರೆಗೆ ನಾನು ಇಲ್ಲೇ" ಎಂದು ಬ್ಯಾಗಿನಿಂದ ಇಡ್ಲಿ ಡಬ್ಬ ತೆಗೆದರು. ಹತ್ತು ನಿಮಿಷದಲ್ಲಿ ಮೊದಲ ಮಹಡಿಯಲ್ಲಿ ಕೋಣೆ ಸಿಕ್ಕಿತು. ಇನ್ನು ಮುಂದೆ ನಾನು ಕೇಳುವ ಪ್ರಶ್ನೆ "ಲಿಫ್ಟ್ ಇವತ್ತು ನಡೆಯುತ್ತಿದೆಯಾ?"

ಸ್ಟೇಷನ್ನಿಂದ ಬರುವ ಬಗ್ಗೆ ಒಂದು ಮಾತು. ಮತ್ಸ್ಯಗಂಧ ನಿಲ್ಲುವುದು ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ, ಅಂದರೆ ಕುರ್ಲಾ ಹತ್ತಿರ. ಹೊರಗೆ ಆಟೋಗಳು ಸಾಲು ನಿಂತಿರುತ್ತವೆ. ಆದರೆ ಸಯನ್ ದಾಟಿ ಒಳಗೆ ಆಟೋಗೆ ಪರ್ಮಿಟ್ ಇಲ್ಲ. ಮಾಟುಂಗಾ, ದಾದರ್ ಕಡೆಗೆ ಟ್ಯಾಕ್ಸಿಯೇ ಬೇಕು. ಇದು ಗೊತ್ತಿದ್ದರೆ ಬೆಳ್ಳಂಬೆಳಿಗ್ಗೆ ಲಗೇಜ್ ಎರಡು ಸಲ ಇಳಿಸಿ ಹತ್ತಿಸುವುದು ತಪ್ಪುತ್ತದೆ.

ಮೊದಲ ದಿನ ಶುಕ್ರವಾರ. ಬೇಕೆಂದೇ ಖಾಲಿ ಬಿಟ್ಟಿದ್ದೆ. ನನ್ನ ನಿದ್ದೆ ಅವತ್ತೇ ಆಯಿತು. ಸಂಜೆ ಸಿದ್ಧಿವಿನಾಯಕ. ಮಂಗಳವಾರ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಶುಕ್ರವಾರ ಆರಾಮ. ದಾದರಿನಿಂದ ಹೊಸ ಭೂಗತ ಮೆಟ್ರೋದಲ್ಲಿ ಹೋದೆವು. ಮೆಟ್ರೋ ಆಗ ವರ್ಲಿಯ ತನಕ ಮಾತ್ರ ಇತ್ತು. ನಾವು ಊರಿಗೆ ಬಂದ ಮರುದಿನ, ಅಕ್ಟೋಬರ್ 9ಕ್ಕೆ, ಕಫ್ ಪರೇಡ್ ತನಕ ಪೂರ್ತಿ ತೆರೆಯಿತು. ನಮ್ಮ ಗ್ರಹಚಾರ.

ಶನಿವಾರ ಎಲಿಫೆಂಟಾ. ಸೋಮವಾರ ಗುಹೆಗಳಿಗೆ ರಜೆ, ಭಾನುವಾರ ವಿಪರೀತ ಜನ, ಅದಕ್ಕೇ ಶನಿವಾರ ಇಟ್ಟದ್ದು. ಗೇಟ್‌ವೇ ಆಫ್ ಇಂಡಿಯಾದಿಂದ ಬೋಟಿನಲ್ಲಿ ಒಂದು ಗಂಟೆ, ಇಳಿದ ಮೇಲೆ ನೂರಿಪ್ಪತ್ತು ಮೆಟ್ಟಿಲು. ಅಮ್ಮ ಮತ್ತು ನಾನು ಕೆಳಗೆ ಕೂರುವುದು, ಇವರು ಮಕ್ಕಳನ್ನು ಕರೆದುಕೊಂಡು ಮೇಲೆ ಹೋಗುವುದು ಎಂದು ತೀರ್ಮಾನ ಆಗಿತ್ತು. ಆದರೆ ಶುಕ್ರವಾರ ರಾತ್ರಿ ಲಾಡ್ಜಿನ ಟಿವಿಯಲ್ಲಿ ಸುದ್ದಿ: ಅರಬ್ಬೀ ಸಮುದ್ರದಲ್ಲಿ ಚಂಡಮಾರುತ, ಹೆಸರು ಶಕ್ತಿ, ಮಹಾರಾಷ್ಟ್ರದ ಕರಾವಳಿಗೆ ಎಚ್ಚರಿಕೆ. ಕಡಲ ಬದಿಯಲ್ಲಿ ಹುಟ್ಟಿ ಬೆಳೆದ ಅಮ್ಮನಿಗೆ ಇಷ್ಟು ಸಾಕು. "ಬೋಟು ಹತ್ತುವ ಮಾತೇ ಇಲ್ಲ. ನೀವೂ ಬೇಡ," ಎಂದು ಅಳಿಯನಿಗೇ ನೇರ ಹೇಳಿದರು. ಚಂಡಮಾರುತ ಪಶ್ಚಿಮಕ್ಕೆ ಹೋಗಿ ಅಲ್ಲೇ ದುರ್ಬಲವಾಯಿತು. ಹಾಗಾಗುತ್ತದೆ ಎಂದು ಶುಕ್ರವಾರ ರಾತ್ರಿ ಯಾರಿಗೆ ಗೊತ್ತಿತ್ತು? ಇವರು ಆ ತ್ರಿಮೂರ್ತಿಯನ್ನು ಈಗಲೂ ಫೋನಿನಲ್ಲೇ ನೋಡುತ್ತಿದ್ದಾರೆ.

ಬದಲಿಗೆ ಮಗಳ ಸರದಿ ಬಂತು. ಸಿಎಸ್‌ಎಂಟಿ ರೈಲು ನಿಲ್ದಾಣದಿಂದ ನರಿಮನ್ ಪಾಯಿಂಟ್ ಕಡೆಗೆ 115 ನಂಬರಿನ ಎಸಿ ಡಬಲ್ ಡೆಕರ್. ಕಡಿಮೆ ಟಿಕೇಟು 12 ರೂಪಾಯಿ. ಮೇಲಿನ ಮುಂದಿನ ಸೀಟಿಗೆ ಎರಡು ಬಸ್ಸು ಬಿಟ್ಟು ಕಾದೆವು. ಕೂತ ಮೇಲೆ ಮಗಳು ಗಾಜಿಗೆ ಹಣೆ ಒತ್ತಿ ಕೂತವಳು ಕೊನೆಯ ಸ್ಟಾಪ್ ತನಕ ಮಾತೇ ಆಡಲಿಲ್ಲ. ಅದೇ ಬಸ್ಸಿನಲ್ಲಿ ವಾಪಸ್ ಬಂದೆವು. ಅಮ್ಮ ಕೆಳಗೇ ಕೂತಿದ್ದರು, ಕಂಡಕ್ಟರ್ ಹತ್ತಿರ ತಮ್ಮ ಹಿಂದಿಯಲ್ಲಿ ಮಾತಾಡುತ್ತಾ. ಹತ್ತಾರು ಸಾವಿರ ಖರ್ಚಿನ ಪ್ರವಾಸದಲ್ಲಿ ಮಗಳು ಈಗಲೂ ಹೇಳುವುದು ಆ 12 ರೂಪಾಯಿಯದ್ದು.

ಮಧ್ಯಾಹ್ನದ ಸೆಕೆ ಹೇಳಬಾರದು. ಅಕ್ಟೋಬರ್ ಎಂದರೆ ತಂಪು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಲ್ಲಿಯವರು ಅದನ್ನು "ಅಕ್ಟೋಬರ್ ಹೀಟ್" ಎಂದೇ ಕರೆಯುತ್ತಾರೆ. ಮಳೆ ಪೂರ್ತಿ ಹೋಗಿರುವುದಿಲ್ಲ, ಬಿಸಿಲು ಆಗಲೇ ಬಂದಿರುತ್ತದೆ. ಕೊಡೆ ಎರಡಕ್ಕೂ ಆಯಿತು. ಹನ್ನೆರಡರಿಂದ ನಾಲ್ಕರ ತನಕ ಮಾಡಿನ ಕೆಳಗೆ ಇರುವುದು ಎಂಬ ನಿಯಮ ಮಾಡಿದ್ದೆ. ಶನಿವಾರ ಆ ಹೊತ್ತು ಛತ್ರಪತಿ ಶಿವಾಜಿ ಮ್ಯೂಸಿಯಂನಲ್ಲಿ ಕಳೆಯಿತು.

ಭಾನುವಾರ ಮಾಟುಂಗಾ ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಅದಕ್ಕೆ ಎರಡು ಕಾರಣ. ಒಂದು ಮೆಗಾ ಬ್ಲಾಕ್. ಭಾನುವಾರ ಹಳಿ ರಿಪೇರಿಗೆ ಲೋಕಲ್ ರೈಲುಗಳನ್ನು ಕೆಲವು ಗಂಟೆ ಕಡಿಮೆ ಮಾಡುತ್ತಾರೆ, ಹೆಚ್ಚಾಗಿ ಹನ್ನೊಂದರಿಂದ ನಾಲ್ಕರ ತನಕ. ಹಿಂದಿನ ದಿನ ಪ್ರಕಟಣೆ ಬರುತ್ತದೆ, ಅದನ್ನು ನೋಡಿಯೇ ಭಾನುವಾರದ ಪ್ಲಾನು ಹಾಕಬೇಕು. ಇನ್ನೊಂದು ಕಾರಣ ಅಮ್ಮ.

ನನ್ನ ಅಜ್ಜ ಹದಿನಾಲ್ಕು ವರ್ಷಕ್ಕೆ ಬೊಂಬಾಯಿಗೆ ಹೋದವರು. ಕಿಂಗ್ಸ್ ಸರ್ಕಲ್ ಹತ್ತಿರದ ಒಂದು ಹೋಟೆಲಿನಲ್ಲಿ ಗ್ಲಾಸ್ ತೊಳೆಯಲು ಸೇರಿ, ಆಮೇಲೆ ಬಡಿಸುವ ಕೆಲಸಕ್ಕೆ ಬಂದವರು. ರಜೆಯ ದಿನ ಮಾಟುಂಗಾ ಸ್ಟೇಷನ್ ಹತ್ತಿರ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿಗೆ ಹೋಗಿ ಊಟ ಮಾಡುತ್ತಿದ್ದರಂತೆ. ಅದು 1942ರಲ್ಲಿ ಶುರುವಾದದ್ದು, ಈಗಲೂ ನಡೆಯುತ್ತಿದೆ. ಬೇರೆಯವರಿಗೆ ಬಡಿಸಿ ಬಡಿಸಿ ಸುಸ್ತಾದವರು, ತಮಗೆ ಇನ್ನೊಬ್ಬರು ಬಡಿಸಲಿ ಎಂದು ಹೋಗಿ ಕೂರುವುದು.

ಬೋರ್ಡಿಂಗ್ ಇರುವುದು ಮಹಡಿಯ ಮೇಲೆ. ಲಿಫ್ಟಿಗೆ ಅಷ್ಟು ಜಗಳ ಮಾಡಿದ ಅಮ್ಮ ಇಲ್ಲಿ ಲಿಫ್ಟ್ ಎಲ್ಲಿ ಎಂದು ಕೇಳಲೇ ಇಲ್ಲ. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದರು. ಟೋಕನ್ ತಗೊಂಡು ಕಾದೆವು. ಬಾಳೆ ಎಲೆ ಹಾಕಿದಾಗ ಅಮ್ಮ ಅದರ ತುದಿ ಎಡಕ್ಕೆ ಇದೆಯಾ ಎಂದು ನೋಡಿ, ನೀರು ಚಿಮುಕಿಸಿ ಅಂಗೈಯಿಂದ ಒರೆಸಿದರು. ಪಲ್ಯ, ಅನ್ನ, ಸಾರು ಬಂತು. ಅಮ್ಮ ಸಾರಿಗೆ ಅನ್ನ ಕಲಸಿ ಒಂದು ತುತ್ತು ಬಾಯಿಗೆ ಹಾಕಿ ಸುಮ್ಮನೆ ಕೂತರು. ಬಡಿಸುವವರು ಹಿಂದಿಯಲ್ಲಿ ಏನೋ ಕೇಳಿದರು. ಅಮ್ಮ ಕನ್ನಡದಲ್ಲೇ, "ಇನ್ನೊಂಚೂರು ಸಾರು ಹಾಕಿ" ಅಂದರು.

ಅವರು ಸೌಟು ಹಿಡಿದೇ ನಿಂತು ಕೇಳಿದರು, "ಊರು ಎಲ್ಲಾಯ್ತು ಅಮ್ಮ?"

"ಬ್ರಹ್ಮಾವರ. ನಮ್ಮ ಅಪ್ಪ ಇಲ್ಲಿ ಊಟಕ್ಕೆ ಬರ್ತಿದ್ರು."

ಆಮೇಲೆ ನಮ್ಮ ಸಾಲಿಗೆ ಮಜ್ಜಿಗೆ ಕೇಳದೆಯೇ ಎರಡು ಸಲ ಬಂತು.

ಸೋಮವಾರ ಬೈಕುಲಾದ ರಾಣಿ ಬಾಗ್ ಮೃಗಾಲಯ. ಅದಕ್ಕೆ ರಜೆ ಬುಧವಾರ, ಹಾಗಾಗಿ ಸೋಮವಾರಕ್ಕೆ ಸರಿಹೊಂದಿತು. ಹಂಬೋಲ್ಟ್ ಪೆಂಗ್ವಿನ್‌ಗಳು 2016ರಲ್ಲಿ ದಕ್ಷಿಣ ಕೊರಿಯಾದಿಂದ ಬಂದವು, ಒಳಗೆ ಎಸಿ. ಮಗನಿಗಿಂತ ಅಮ್ಮನಿಗೇ ಅಲ್ಲಿ ಜಾಸ್ತಿ ಹಿಡಿಸಿತು, ಎಸಿಗಾಗಿ. ಮಧ್ಯಾಹ್ನ ಜನ ಏರುವ ಮೊದಲೇ ಕಾರು ಮಾಡಿ ಲಗೇಜ್ ಸಮೇತ ಡೊಂಬಿವಲಿ ಸೇರಿದೆವು. ಚಿಕ್ಕಮ್ಮ ಆ ನಾರಿನ ಮಲ್ಲಿಗೆಯನ್ನು ಮೂಸಿ ನೋಡಿ ದೇವರಿಗೆ ಇಟ್ಟರು.

ಮಂಗಳವಾರದ ರೈಲಿಗೆ ಕುರ್ಲಾ ತನಕ ಹಿಂದೆ ಹೋಗಲಿಲ್ಲ. ಮತ್ಸ್ಯಗಂಧ ಡೊಂಬಿವಲಿಗೆ ಹತ್ತಿರದ ಠಾಣೆ ಸ್ಟೇಷನ್ನಿನಲ್ಲೂ ನಿಲ್ಲುತ್ತದೆ. ಎರಡು ದಿನ ಮುಂಚೆಯೇ ಐಆರ್‌ಸಿಟಿಸಿಯಲ್ಲಿ ಹತ್ತುವ ಸ್ಟೇಷನ್ ಬದಲಾಯಿಸಿ ಇಟ್ಟಿದ್ದೆ. ಹಾಗೆ ಮಾಡದೆ ಸುಮ್ನೆ ಠಾಣೆಯಲ್ಲಿ ಹತ್ತಿದರೆ, ನೀವು ಬರಲಿಲ್ಲ ಎಂದು ಟಿಟಿಇ ಸೀಟು ಬೇರೆಯವರಿಗೆ ಕೊಡಬಹುದು. ಅಲ್ಲಿ ರೈಲು ನಿಲ್ಲುವುದು ಸ್ವಲ್ಪ ಹೊತ್ತು. ಮೊದಲು ಅಮ್ಮ ಮತ್ತು ಮಗಳು, ಆಮೇಲೆ ಮಗ, ಕೊನೆಗೆ ಚೀಲಗಳು ಎಂದು ಪ್ಲಾಟ್‌ಫಾರ್ಮಿನಲ್ಲೇ ಸಾಲು ಮಾಡಿ ನಿಲ್ಲಿಸಿದ್ದೆ. ಒಳಗೆ ಸುರತ್ಕಲ್‌ಗೆ ಹೋಗುವ ಒಬ್ಬ ಕಾಲೇಜು ಹುಡುಗ ಅಮ್ಮನ ಕಾಲು ನೋಡಿ ತನ್ನ ಕೆಳಗಿನ ಬರ್ತ್ ಬಿಟ್ಟುಕೊಟ್ಟ. ಇವರು ಬದುಕಿದರು.

ಪನ್ವೇಲ್ ದಾಟಿದ ಮೇಲೆ ನಾನು ಮರುದಿನದ ಲೆಕ್ಕ ಹಾಕುತ್ತಿದ್ದೆ: ಬೆಳಿಗ್ಗೆ ಇಂದ್ರಾಳಿ, ಮನೆ, ಸ್ನಾನ, ಮಕ್ಕಳನ್ನು ಓಡಿಸಿ ಶಾಲೆಗೆ. ಅಷ್ಟರಲ್ಲಿ ಮಗಳು ಅಪ್ಪರ್ ಬರ್ತಿನಿಂದ ತಲೆ ಕೆಳಗೆ ಹಾಕಿ ಫೋನ್ ತೋರಿಸಿದಳು. ಶಿಕ್ಷಕರ ಜಾತಿ ಸಮೀಕ್ಷೆ ಕೆಲಸ ಮುಗಿಯದ ಕಾರಣ ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ರಜೆ 18ರ ತನಕ ಮುಂದುವರಿಸಲಾಗಿದೆ. ಅವರದ್ದು ಅನುದಾನಿತ ಶಾಲೆ.

ಇವರು ಸೈಡ್ ಅಪ್ಪರಿನಿಂದ ಕೇಳಿದರು, "ಹಾಗಾದ್ರೆ ಎಲಿಫೆಂಟಾ ನೋಡಬಹುದಿತ್ತಲ್ವಾ?"

ಯಾರೂ ಉತ್ತರ ಕೊಡಲಿಲ್ಲ. ಅಮ್ಮ ಆಗಲೇ ಕಾಲು ನೀಡಿ ಮಲಗಿದ್ದರು.