ನಿಮ್ಮ ಪಂಪ್ ತಿನ್ನುವ ಕರೆಂಟೆಷ್ಟು, ಕೊಡುವ ನೀರೆಷ್ಟು? ಹೊಲದಲ್ಲೇ ಲೆಕ್ಕ ಹಾಕಿ

ವಿಜಯಪುರ ಜಿಲ್ಲೆಯಲ್ಲಿ ಕರೆಂಟು ಉಳಿಸುವ ಮಾತು ತೆಗೆದರೆ, ‘10 ಎಚ್‌ಪಿವರೆಗೆ ಬಿಲ್ಲೇ ಇಲ್ಲವಲ್ರೀ’ ಎನ್ನುತ್ತಾರೆ ರೈತರು. ನಿಜ. ಆದರೆ ತ್ರೀಫೇಸ್ ಕೊಡುವುದು ದಿನಕ್ಕೆ 7 ತಾಸು. ಇಂಡಿ ತಾಲ್ಲೂಕಿನ ಲಿಂಬೆಗಾಗಲಿ, ತಿಕೋಟಾದ ದ್ರಾಕ್ಷಿಗಾಗಲಿ ಅಷ್ಟರೊಳಗೆ ನೀರು ಮುಟ್ಟಬೇಕು. ಪಂಪ್ ಸೊರಗಿದರೆ ಆ ತಾಸುಗಳೇ ಸೋರಿಹೋಗುತ್ತವೆ, ಮೋಟರ್ ಸುಟ್ಟರೆ ರಿವೈಂಡಿಂಗ್ ಖರ್ಚು ಬೇರೆ. ಹೊಸ ಪಂಪ್ ತರುವ ಮುನ್ನ ಇದ್ದದ್ದನ್ನು ಅಳೆಯಿರಿ. ತೆರೆದ ಬಾವಿಯಾದರೆ ಒಂದೆರಡು ತಾಸಿನ ಕೆಲಸ.

ಮೊದಲು ನೀರು. ಮೋಟರ್ ಚಾಲೂ ಮಾಡಿ ಅರ್ಧ ತಾಸು ಬಿಡಿ. ಆಮೇಲೆ ಪೈಪಿನ ಬಾಯಿಗೆ 200 ಲೀಟರ್ ಬ್ಯಾರಲ್ ಇಟ್ಟು ಮೊಬೈಲಿನಲ್ಲಿ ಸಮಯ ನೋಡಿ. 40 ಸೆಕೆಂಡಿಗೆ ತುಂಬಿತೆನ್ನಿ, ಸೆಕೆಂಡಿಗೆ 5 ಲೀಟರ್ ಆಯಿತು.

ಮುಂದೆ ಎತ್ತರ. ಹಗ್ಗಕ್ಕೆ ಕಲ್ಲು ಕಟ್ಟಿ, ಮೋಟರ್ ಓಡುತ್ತಿರುವಾಗಲೇ ನೀರಿನ ಮಟ್ಟದವರೆಗೆ ಇಳಿಬಿಡಿ. ಬಹಳ ಜನ ಪಂಪ್ ಕೂತ ಆಳವನ್ನು ಹಿಡಿಯುತ್ತಾರೆ, ಅದು ತಪ್ಪು. ನೀರಿನ ಮಟ್ಟದಿಂದ ಪೈಪಿನ ಬಾಯಿಯವರೆಗಿನ ಎತ್ತರ ಬೇಕು. 30 ಮೀಟರ್ ಇದ್ದರೆ, 5ನ್ನು 30ರಿಂದ ಗುಣಿಸಿ 102ರಿಂದ ಭಾಗಿಸಿ. ಸುಮಾರು 1.5 ಕಿಲೋವಾಟ್. ನೀರೆತ್ತಲು ನಿಜಕ್ಕೂ ಬೇಕಾದ ಶಕ್ತಿ ಇಷ್ಟೇ.

ಇನ್ನು ಕರೆಂಟು. ಸ್ಟಾರ್ಟರ್ ಡಬ್ಬಿಗೆ ನೀವು ಕೈ ಹಾಕಬೇಡಿ, ಎಲೆಕ್ಟ್ರಿಷಿಯನ್ ಟಾಂಗ್ ಟೆಸ್ಟರ್ (ವೈರಿಗೆ ಇಕ್ಕಳದಂತೆ ಹಿಡಿಸಿ ಕರೆಂಟು ಅಳೆಯುವ ಮೀಟರ್) ಹಿಡಿದು ನೋಡಲಿ. 400 ವೋಲ್ಟ್, 8 ಆಂಪಿಯರ್ ತೋರಿಸಿ ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜಕ್ಕೂ ಕೆಲಸಕ್ಕೆ ಬರುವ ಪಾಲು) 0.8 ಇದ್ದರೆ, ಎಲ್ಲವನ್ನೂ ಗುಣಿಸಿ, ಮತ್ತೆ 1.73ರಿಂದ ಗುಣಿಸಿ 1000ದಿಂದ ಭಾಗಿಸಿ: ಸುಮಾರು 4.4 ಕಿಲೋವಾಟ್. ಅಂದರೆ ಮೂರು ಯೂನಿಟ್ ಕರೆಂಟಿನಲ್ಲಿ ಒಂದು ಯೂನಿಟ್ ಮಾತ್ರ ನೀರಿಗೆ ಹೋಗಿದೆ. ಸರಿಯಾಗಿ ಹೊಂದಿಸಿದ ಒಳ್ಳೆಯ ಪಂಪಿನಲ್ಲಿ ಹತ್ತಿರಹತ್ತಿರ ಅರ್ಧದಷ್ಟಾದರೂ ಹೋಗುತ್ತದೆ.

ಉಳಿದದ್ದು ಎಲ್ಲಿ ಹೋಯಿತು? ಪೈಪಿನಿಂದ ಹುಡುಕಲು ಶುರುಮಾಡಿ. 3 ಇಂಚು ಬೇಕಾದಲ್ಲಿ 2 ಇಂಚಿನ ಪೈಪ್ ಹಾಕಿದರೆ, ಅಷ್ಟೇ ನೀರಿಗೆ ಘರ್ಷಣೆಯ ನಷ್ಟ ಸುಮಾರು 7 ಪಟ್ಟಾಗುತ್ತದೆ. ಮೋನೋಬ್ಲಾಕ್ (ಮೋಟರ್, ಪಂಪ್ ಒಂದೇ ಆಗಿದ್ದು ನೀರಿನ ಮೇಲೆ ಕೂರುವಂಥದ್ದು) ಆದರೆ ಫುಟ್‌ವಾಲ್ವ್, ಅಂದರೆ ನೀರು ಹೀರುವ ಪೈಪಿನ ತುದಿಯ ಕವಾಟ, ಎತ್ತಿ ನೋಡಿ. ಜಾಳಿಗೆಯಲ್ಲಿ ಪಾಚಿ, ಕಸ ಕಟ್ಟಿಕೊಂಡಿರುವುದೇ ಹೆಚ್ಚು. ಕೆಲವೆಡೆ ಪೈಪಿನ ಬಾಯಿ, ನೀರು ಬೀಳುವ ಹೊಂಡದ ಮಟ್ಟಕ್ಕಿಂತ ಆಳೆತ್ತರ ಮೇಲಿರುತ್ತದೆ. ನೀರು ಧುಮ್ಮಿಕ್ಕುವುದು ನೋಡಲು ಚೆಂದ, ಆದರೆ ಅಷ್ಟೆತ್ತರ ಏರಿಸಿದ ಶ್ರಮ ವ್ಯರ್ಥ. ಬಾಯಿಯನ್ನು ಕೆಳಗಿಳಿಸಿ. ಖರ್ಚೇನೂ ಇಲ್ಲ.

ಡ್ರಿಪ್ ಇದ್ದರೆ ಫಿಲ್ಟರಿನ ಮುಂದೆ, ಹಿಂದೆ ಪ್ರೆಶರ್ ಗೇಜ್ ನೋಡಿ. ಅರ್ಧ ಕೆಜಿ (ಚದರ ಸೆಂಟಿಮೀಟರಿಗೆ) ವ್ಯತ್ಯಾಸ ಬಂತೆಂದರೆ 5 ಮೀಟರ್ ಹೆಚ್ಚು ಎತ್ತರಕ್ಕೆ ನೀರೆತ್ತಿದಷ್ಟೇ ಹೊರೆ. ತೊಳೆಯಿರಿ.

5 ಎಚ್‌ಪಿ ಮೋಟರಿಗೆ ಸಾಮಾನ್ಯವಾಗಿ 2 ಕೆವಿಎಆರ್ (ಕೆಪಾಸಿಟರಿನ ಅಳತೆ) ಕೆಪಾಸಿಟರ್ ಸಾಕು. ಅದು ತಾನಾಗಿ ನೀರು ಹೆಚ್ಚಿಸುವುದಿಲ್ಲ, ಆದರೆ ಲೈನಿನ ಆಂಪಿಯರ್ ಇಳಿಸಿ ವೋಲ್ಟೇಜ್ ಕಾಯುತ್ತದೆ. ಒಬ್ಬರೇ ಹಾಕಿದರೆ ಗುಣ ಅಷ್ಟಾಗಿ ಕಾಣದು. ಒಂದೇ ಟಿಸಿಯ (ಟ್ರಾನ್ಸ್‌ಫಾರ್ಮರಿನ) ರೈತರೆಲ್ಲ ಕೂಡಿ ಹಾಕಿಸಬೇಕು. ಕರೆಂಟು ಬಂದ ಕ್ಷಣವೇ ಎಲ್ಲ ಮೋಟರ್ ಒಟ್ಟಿಗೆ ಎಬ್ಬಿಸುವ ಆಟೋಸ್ಟಾರ್ಟರ್ ಬಗ್ಗೆಯೂ ಆಗಲೇ ಮಾತಾಡಿಕೊಳ್ಳಿ, ಟಿಸಿ ಸುಡುವುದಕ್ಕೆ ಅದೂ ಒಂದು ಕಾರಣ.

ಇಷ್ಟಾದರೂ ಲೆಕ್ಕ ಸುಧಾರಿಸದಿದ್ದರೆ ಪಂಪ್ ಬದಲಿಸಿ. ಅಂಗಡಿಯಲ್ಲಿ ಎಚ್‌ಪಿ ಕೇಳುವ ಮೊದಲು ನಿಮ್ಮ ಎತ್ತರ, ನೀರಿನ ಲೆಕ್ಕ ಹೇಳಿ. 60 ಮೀಟರಿಗೆಂದು ಮಾಡಿದ ಪಂಪನ್ನು 30 ಮೀಟರಿನಲ್ಲಿ ಓಡಿಸಿದರೆ ಕರೆಂಟು ಉಳಿಸುತ್ತದೆನ್ನುವ ಫೈವ್ ಸ್ಟಾರ್ ಚೀಟಿ ಇದ್ದರೂ ಕರೆಂಟು ಪೋಲಾಗುತ್ತದೆ. ಬೇಸಿಗೆಯಲ್ಲಿ ಬಾವಿಯ ನೀರು ಇಳಿಯುವುದರಿಂದ ಏಪ್ರಿಲ್‌ನಲ್ಲಿ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಅಳೆದು, ಎರಡೂ ಲೆಕ್ಕ ಒಯ್ಯಿರಿ.