ಮುತ್ತಜ್ಜನ ಕಸುಬು ಪತ್ತೆ ಮಾಡುವುದು ಹೇಗೆ?

ಹೋದ ವರ್ಷ ನಮ್ಮ ಸಂಬಂಧಿಕರೊಬ್ಬರು ವಂಶವೃಕ್ಷ ಬರೆಸಿ ಗೋಡೆಗೆ ಫ್ರೇಮ್ ಹಾಕಿಸಿದರು. ಗಂಡಸರ ಹೆಸರಿನ ಕೆಳಗೆಲ್ಲ 'ಕೃಷಿ'. ಹೆಂಗಸರ ಹೆಸರಿನ ಕೆಳಗೆ ಖಾಲಿ. ಅಷ್ಟು ದುಡ್ಡು ಸುರಿದಿದ್ದು ಇದಕ್ಕಾ ಅನ್ನಿಸಿತು. ಹಳ್ಳಿಯಲ್ಲಿ ಮುಕ್ಕಾಲು ಪಾಲು ಜನ ಬೇಸಾಯ ಮಾಡಿದವರೇ, ಅದರ ಜೊತೆಗೆ ಇನ್ನೇನು ಮಾಡುತ್ತಿದ್ದರು ಅನ್ನೋದು ಗೊತ್ತಾಗಬೇಕಲ್ವಾ?

ಹಂತ 1: ಹೆಸರು, ಊರು, ಜಮೀನಿನ ಸರ್ವೆ ನಂಬರ್ ಬರೆದಿಟ್ಟುಕೊಳ್ಳಿ. ಉದ್ದನೆಯ ನೋಟ್‌ಬುಕ್ ಸಾಕು. ಆ್ಯಪ್ ಬೇಡವೇ ಬೇಡ. ನಾನು ನೋಡಿದ ಆ್ಯಪ್‌ಗಳಲ್ಲಿ ಉದ್ಯೋಗಕ್ಕೆ ಒಂದೇ ಖಾನೆ, ನಮ್ಮವರು ಮಳೆಗಾಲಕ್ಕೊಂದು, ಬೇಸಿಗೆಗೊಂದು ಕೆಲಸ ಮಾಡಿದವರು.

ಹಂತ 2: ಹಿರಿಯರನ್ನು ಕೇಳಿ. ಕೆಡುವುದೇ ಇಲ್ಲಿ. "ಮುತ್ತಜ್ಜ ಏನ್ ಕೆಲಸ ಮಾಡ್ತಿದ್ರು?" ಅಂತ ಕೇಳಿದರೆ ನಮ್ಮಜ್ಜಿ "ಇನ್ನೇನ್ ಮಾಡ್ತಾರೆ, ಆರಂಬ" ಅಂದು ಸುಮ್ಮನಾಗುತ್ತಿದ್ದರು. ಕೆಲಸದ ಹೆಸರು ಕೇಳಬೇಡಿ, ಕೈಯಲ್ಲಿ ಏನಿತ್ತು ಅಂತ ಕೇಳಿ. ಒಂದು ದಿನ ಅವರು ಅವರೆಕಾಯಿ ಬಿಡಿಸುತ್ತಾ ಕೂತಿದ್ದಾಗ ನಾನೂ ಪಕ್ಕದಲ್ಲಿ ಕೂತು, "ನಿಮ್ಮ ಮಾವನೋರು ಬೆಳಗ್ಗೆ ಎದ್ದು ಏನ್ ಹಿಡ್ಕೊಂಡು ಹೋಗೋರು ಅಜ್ಜಿ?" ಎಂದೆ. "ಬೆಳಗ್ಗೆ ಎಲ್ಲಿ ಬಂತು, ಅವರು ಹೋಗ್ತಿದ್ದುದೇ ರಾತ್ರಿ. ಗುದ್ದಲಿ, ಕಂಬಳಿ, ಲಾಟೀನು. ತೂಬಿನ ಹತ್ರ ಮಲಗೋರು." ಕೂಲಿ ಯಾರು ಕೊಡೋರು ಅಂದೆ. ಯಾರೂ ದುಡ್ಡು ಕೊಡುತ್ತಿರಲಿಲ್ಲವಂತೆ, ಸುಗ್ಗಿಯಲ್ಲಿ ಒಬ್ಬೊಬ್ಬರ ಕಣಕ್ಕೂ ಹೋಗಿ ಮೊರದ ತುಂಬಾ ಭತ್ತ ಹಾಕಿಸಿಕೊಂಡು ಬರುತ್ತಿದ್ದರಂತೆ. ಅದು ಆಯ. ಕೆರೆಯ ತೂಬು ಎತ್ತಿ ಗದ್ದೆಗದ್ದೆಗೆ ನೀರು ಹಂಚುವ ನೀರುಗಂಟಿ ನಮ್ಮ ಮುತ್ತಜ್ಜ. ಅಜ್ಜಿ ಆ ಪದವನ್ನು ಬಾಯಿಬಿಟ್ಟು ಒಮ್ಮೆಯೂ ಹೇಳಲಿಲ್ಲ. ನೀವೂ ಅವರ ಬಾಯಿಗೆ ತುರುಕಬೇಡಿ, ನಿಮಗೆ ಬೇಸರ ಆಗಬಾರದೆಂದು 'ಹ್ಞೂಂ' ಅಂದುಬಿಡುತ್ತಾರೆ.

ಹೆಂಗಸರ ವಿಷಯದಲ್ಲಿ ಪ್ರಶ್ನೆ ಬೇರೆ: "ಅವರನ್ನ ಕರೆಯೋಕೆ ಯಾರು, ಯಾವಾಗ ಬರೋರು?" ನಮ್ಮ ಮುತ್ತಜ್ಜಿಯನ್ನು ನಡುರಾತ್ರಿ ಬಾಗಿಲು ಬಡಿದು ಕರೆಯುತ್ತಿದ್ದರಂತೆ. ಸೂಲಗಿತ್ತಿ. ಇಸವಿ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ, 1918ರ ಇನ್‌ಫ್ಲುಯೆಂಜಾ ಕಾಯಿಲೆಗೆ ಮುಂಚೆಯೋ ಆಮೇಲೋ ಎಂದು ಕೇಳಿ. ಜಾತಕದಲ್ಲಿ ನಳ ಸಂವತ್ಸರ ಅಂತಿದ್ದರೆ ಹುಷಾರು: ಅದು 60 ವರ್ಷಕ್ಕೊಮ್ಮೆ ಬರುತ್ತದೆ, 1916-17 ಆಗಬಹುದು, 1976-77 ಕೂಡ ಆಗಬಹುದು.

ಇನ್ನೊಂದು ಮಾತು, ಜಾತಿ ನೋಡಿ ಕಸುಬು ಬರೆಯುವ ಅಡ್ಡದಾರಿ ಹಿಡಿಯಬೇಡಿ. ಕುಂಬಾರರ ಮನೆಯವರೆಲ್ಲ ತಿಗರಿ ತಿರುಗಿಸಲಿಲ್ಲ.

ಹಂತ 3: ಕೇಳಿದ್ದನ್ನು ಕಾಗದದಲ್ಲಿ ತಾಳೆ ನೋಡಿ. ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಗೆ ಅರ್ಜಿ ಹಾಕಿ ಹಳೆಯ ಕೈಬರಹದ ಪಹಣಿ ಮತ್ತು ಇನಾಂ (ಊರಿನ ಕೆಲಸಕ್ಕೆ ಪ್ರತಿಯಾಗಿ ಬಿಟ್ಟ ಜಮೀನು) ದಾಖಲೆಯ ನಕಲು ತೆಗೆಸಿ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡಿದ 1961ರ ಕಾಯ್ದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂತು. ಆ ಹುದ್ದೆಗಳಿಗೆ ಬಿಟ್ಟಿದ್ದ ಜಮೀನನ್ನು ಅದೇ ಮನೆತನಗಳಿಗೆ ಮರುಮಂಜೂರು ಮಾಡಲು ಅದರಲ್ಲೇ ಅವಕಾಶ ಇತ್ತು. ಹಾಗಾಗಿ ತೋಟಿ ಇನಾಂ, ತಳವಾರಿಕೆ ಇನಾಂ, ನೀರುಗಂಟಿ ಇನಾಂ ಎಂಬ ಪದ ಕಣ್ಣಿಗೆ ಬಿದ್ದರೆ ನಿಮ್ಮ ಕೆಲಸ ಮುಕ್ಕಾಲು ಆಯಿತು. ನಮ್ಮ ಸರ್ವೆ ನಂಬರಿನ ಮುಂದೆ 'ನೀರುಗಂಟಿ' ಎಂದೇ ಇತ್ತು, ಆದರೆ ಆ ಒಂದು ಹಾಳೆಗೆ ನಾನು ಮೂರು ಸಲ ರಜೆ ಹಾಕಿದ್ದೇನೆ. ಬೆಳಗಾವಿ, ಧಾರವಾಡದ ಕಡೆಯವರಾದರೆ ಹಳೆಯ ಕಾಗದಗಳು ಮೋಡಿಯಲ್ಲಿ, ಅಂದರೆ ಮರಾಠಿಯ ಹಳೆಯ ಕೂಡಕ್ಷರದ ಬರಹದಲ್ಲಿ, ಇರಬಹುದು; ಆ ಲಿಪಿ ಓದುವವರೊಬ್ಬರನ್ನು ಮೊದಲೇ ಹುಡುಕಿಟ್ಟುಕೊಳ್ಳಿ.

ಹಳೆಯ ಕ್ರಯಪತ್ರದಲ್ಲಿ 'ಕಸಬು ಜಿರಾಯತಿ' ಎಂದಿದ್ದರೆ ಅದೂ ಬೇಸಾಯವೇ, ಅಲ್ಲಿಗೇ ನಿಲ್ಲಬೇಡಿ. ಕೊನೆಯ ಪುಟಕ್ಕೆ ಹೋಗಿ ಪತ್ರ ಬರೆದವರು ಯಾರು, ಸಾಕ್ಷಿ ಹಾಕಿದವರು ಯಾರು ನೋಡಿ. ನಿಮ್ಮ ಅಜ್ಜನ ಹೆಸರು ಸಾಕ್ಷಿಯಾಗಿ ಮತ್ತೆ ಮತ್ತೆ ಬರುತ್ತಿದ್ದರೆ ಊರಿನಲ್ಲಿ ಅವರ ಮಾತಿಗೆ ಬೆಲೆ ಇತ್ತು ಅಂತಲೇ ಲೆಕ್ಕ.

ಹಂತ 4: ಸಿಕ್ಕಿದ ಕಾಗದಗಳ ಫೋಟೊ ಹಗಲು ಬೆಳಕಲ್ಲಿ ತೆಗೆದು, ಕಾಟನ್ ಬಟ್ಟೆಯಲ್ಲಿ ಸುತ್ತಿಡಿ. ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ. ನಾನು ಒಂದು ಛಾಪಾ ಕಾಗದಕ್ಕೆ ಮಾಡಿಸಿ, ಶಾಯಿ ಹರಡಿ, ಹೆಬ್ಬೆಟ್ಟಿನ ಗುರುತು ಈಗ ಬರೀ ನೀಲಿ ಕಲೆ.